ನೂರು ಕತ್ತರಿಯ ದಡ

ಫೆಬ್ರವರಿ 11

ಅತ್ತೆಯವರಿಗೆ,

ಕವರಿನ ಮೇಲಿನ ಅಕ್ಷರ ನೋಡಿದಾಗಲೇ ಯಾರದೆಂದು ನಿಮಗೆ ಗೊತ್ತಾಗಿರುತ್ತದೆ. ಮೂರು ವರ್ಷವಾದ ಮೇಲೆ ಬರೆಯುವಾಗ ನಿಮ್ಮನ್ನು ಏನೆಂದು ಕರೆಯಬೇಕೆಂದು ಸ್ವಲ್ಪ ಯೋಚಿಸಿದೆ. ನಿಮ್ಮ ಮಗನಿಗೂ ನನಗೂ ಇದ್ದ ಸಂಬಂಧವನ್ನು ಕಾಗದಕ್ಕೆ ಸಹಿ ಹಾಕಿ ಮುಗಿಸಿದೆವು. ನಿಮಗೂ ನನಗೂ ಇದ್ದದ್ದಕ್ಕೆ ಯಾರೂ ಕಾಗದ ಮಾಡಿಸಲಿಲ್ಲ. ಆದ್ದರಿಂದ ಅತ್ತೆ ಎಂದೇ ಬರೆದಿದ್ದೇನೆ. ಬೇಡವಾದರೆ ತಿಳಿಸಿ, ತಿದ್ದಿಕೊಳ್ಳುತ್ತೇನೆ.

ಫೋನು ಮಾಡೋಣವೆಂದರೆ ನಿಮಗೆ ಕೇಳಿಸುವುದಿಲ್ಲ. ಗಿರಣಿಯ ಮಗ್ಗಗಳ ಪಕ್ಕದ ಕೋಣೆಯಲ್ಲಿ ಕೂತು ಮೂವತ್ತು ವರ್ಷ ಲೆಕ್ಕ ಬರೆದದ್ದಕ್ಕೆ ನಿಮ್ಮ ಕಿವಿಗಳು ತೆತ್ತ ಬೆಲೆ ನನಗೆ ಗೊತ್ತು.

ವಿಷಯ ಇಷ್ಟು. ನಾನು ಸಾಣೆ ಅಂಗಡಿ ತೆರೆಯಬೇಕೆಂದಿದ್ದೇನೆ. ಮಾವ ಬದುಕಿದ್ದಾಗ ಆರು ವರ್ಷ ಅವರ ಪಕ್ಕದಲ್ಲಿ ನಿಂತು ಕಲಿತದ್ದು ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯಲ್ಲಿ ತುಕ್ಕು ಹಿಡಿಯುತ್ತಿದೆ. ಅಲ್ಲಿ ಬ್ಲೇಡು ಮೊಂಡಾದರೆ ಎಸೆಯುತ್ತಾರೆ. ದಿನಕ್ಕೆ ನಲವತ್ತು ಎಸೆಯುವುದನ್ನು ನೋಡಿಕೊಂಡು ಪೆಟ್ಟಿಗೆ ಮಡಚುತ್ತೇನೆ.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಮಳಿಗೆ ನೋಡಿದ್ದೇನೆ. ಒಂದು ಕಡೆ ಜೆರಾಕ್ಸ್, ಇನ್ನೊಂದು ಕಡೆ ಬೀಗದ ಕೈ ಮಾಡುವವನು. ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಯಜಮಾನಿ ನಿವೃತ್ತ ನರ್ಸು, ಮಾರ್ಚ್ ಹದಿನೈದರೊಳಗೆ ಹೌದು ಇಲ್ಲ ಹೇಳು ಎಂದಿದ್ದಾಳೆ. ಕಾರ್ಖಾನೆಯ ಸೂಪರ್‌ವೈಸರ್ ಆರು ತಿಂಗಳು ಸಂಬಳವಿಲ್ಲದ ರಜೆ ಕೊಡುತ್ತಾನೆ. ಸೆಪ್ಟೆಂಬರ್ ಮೂವತ್ತಕ್ಕೆ ಹಿಂತಿರುಗದಿದ್ದರೆ ನನ್ನ ಜಾಗ ಬೇರೆಯವರಿಗೆ. ಕೂಡಿಟ್ಟದ್ದೂ ಸರಿಯಾಗಿ ಆರು ತಿಂಗಳಿಗೆ ಸಾಕು.

ಹಾಳೆಯ ಹಿಂದೆ ಲೆಕ್ಕ ಹಾಕಿದ್ದೇನೆ. ಬಾಡಿಗೆ ಆರು ಸಾವಿರ, ಕರೆಂಟು ಒಂದು, ಚಿಲ್ಲರೆ ಒಂದು. ಕತ್ತರಿಗೆ ಎಂಬತ್ತು ತೆಗೆದುಕೊಂಡರೆ ತಿಂಗಳಿಗೆ ನೂರು ಕತ್ತರಿ ಸಾಕು, ಖರ್ಚು ಹುಟ್ಟುತ್ತದೆ. ಮಾವನೂ ಯಾವಾಗಲೂ ಅದೇ ಹೇಳುತ್ತಿದ್ದರು: "ನೂರು ಕತ್ತರಿ ಬಂತು ಅಂದ್ರೆ ಅಂಗಡಿ ದಡ ಮುಟ್ತು ನೋಡು." ಸರಿಯಿದೆಯೇ ಎಂದು ನೀವೊಮ್ಮೆ ನೋಡಬೇಕು. ನನಗೆ ಗೊತ್ತಿರುವ ಲೆಕ್ಕದವರು ನೀವೊಬ್ಬರೇ.

ಇನ್ನೊಂದು ವಿಷಯ. ಮನೆ ಬಿಟ್ಟು ಬರುವಾಗ, ಮಾವ ಸಾಣೆಯ ಕೊನೆಗೆ ಅಲಗು ಎಳೆಯುತ್ತಿದ್ದ ಚರ್ಮದ ಪಟ್ಟಿಯನ್ನು ತಂದಿದ್ದೆ. ಕೇಳದೆ ತಂದದ್ದು.

ಇಂತಿ,
ನಿಮ್ಮ ಹಿಂದಿನ ಸೊಸೆ

ಫೆಬ್ರವರಿ 19

ನಿನ್ನ ಪತ್ರ ಬಂತು.

ಪಟ್ಟಿ ಎಲ್ಲಿ ಹೋಯಿತೆಂದು ನನಗೆ ಅಂದೇ ಗೊತ್ತಿತ್ತು. ಮೊಳೆಯಲ್ಲಿ ಅದು ತೂಗುತ್ತಿದ್ದ ಜಾಗದ ಗೋಡೆ ಈಗಲೂ ಉಳಿದದ್ದಕ್ಕಿಂತ ಬಿಳುಪಾಗಿದೆ. ಕೇಳಿದ್ದರೆ ಕೊಡುತ್ತಿದ್ದೆ. ಕೇಳುವಂಥ ದಿನ ಅದಾಗಿರಲಿಲ್ಲ.

ಲೆಕ್ಕಕ್ಕೆ ಬರೋಣ. ನಿನ್ನ ಲೆಕ್ಕದಲ್ಲಿ ಮಳಿಗೆಯವಳು ಉಣ್ಣುತ್ತಾಳೆ, ಕರೆಂಟಿನವನು ಉಣ್ಣುತ್ತಾನೆ, ನೀನು ಗಾಳಿ ಕುಡಿದು ಬದುಕುತ್ತೀಯ. ನಿನ್ನ ಸಂಬಳ ಎಲ್ಲಿ? ಕಾರ್ಖಾನೆ ನಿನಗೆ ಹತ್ತು ಸಾವಿರ ಕೊಡುತ್ತದೆ. ಅದನ್ನು ಬಿಟ್ಟು ಬರುವವಳು ಅದನ್ನು ಖರ್ಚಿನ ಪಟ್ಟಿಯಲ್ಲಿ ಮೊದಲು ಬರೆಯಬೇಕು. ಆಯಿತಲ್ಲ, ಹದಿನೆಂಟು ಸಾವಿರ. ಒಂದೇ ಒಂದು ಕತ್ತರಿ ಬರದಿದ್ದರೂ ತಿಂಗಳ ಕೊನೆಗೆ ಇಷ್ಟು ಹೋಗುತ್ತದೆ.

ಎರಡನೆಯದು. ಎಂಬತ್ತು ನಿನ್ನ ಕೈಗೆ ಬಂದರೂ ಎಂಬತ್ತೂ ನಿನ್ನದಲ್ಲ. ಕಲ್ಲು ಸವೆಯುತ್ತದೆ, ಎಣ್ಣೆ, ಪಾಲಿಶ್, ಸುತ್ತಿಕೊಡುವ ಕಾಗದ. ಕತ್ತರಿಗೆ ಎಂಟು ಹಿಡಿ. ಉಳಿಯುವುದು ಎಪ್ಪತ್ತೆರಡು. ಹದಿನೆಂಟು ಸಾವಿರವನ್ನು ಎಪ್ಪತ್ತೆರಡರಿಂದ ಭಾಗಿಸು.

ಇನ್ನೂರ ಐವತ್ತು. ಅದು ನಿನ್ನ ದಡ. ಗಿರಣಿಯಲ್ಲಿ ನಾವು ಸಮಬಿಂದು ಎನ್ನುತ್ತಿದ್ದೆವು, ಹೆಸರು ದೊಡ್ಡದು, ವಿಷಯ ಇಷ್ಟೇ. ಇನ್ನೂರ ನಲವತ್ತೊಂಬತ್ತನೆಯ ಕತ್ತರಿಯವರೆಗೆ ನೀನು ಬೇರೆಯವರಿಗಾಗಿ ದುಡಿಯುತ್ತಿರುತ್ತೀಯ.

ಇನ್ನೂರ ಐವತ್ತು ಬರುತ್ತದೆಯೇ ಎಂದು ನನ್ನನ್ನು ಕೇಳಬೇಡ, ಬೀದಿಯನ್ನು ಕೇಳು. ನಡೆದು ಹೋಗಿ ಬರಬಹುದಾದ ದೂರದಲ್ಲಿ ಎಷ್ಟು ಕತ್ತರಿ ಇವೆ, ಎಷ್ಟು ದಿನಕ್ಕೊಮ್ಮೆ ಸಾಣೆಗೆ ಕೊಡುತ್ತಾರೆ, ಎಣಿಸಿಕೊಂಡು ಬಾ. ಅಂದಾಜು ಬೇಡ. ಅಂದಾಜಿನವರಿಂದಲೇ ನಮ್ಮ ಗಿರಣಿ ಮುಚ್ಚಿದ್ದು.

ಅವರ ನೂರರ ಮಾತು ಬಿಡು. ಅದು ಬೇರೆ ಕಾಲ, ಬೇರೆ ಬಾಡಿಗೆ.

ನಿನ್ನ ಹಾಳೆಯನ್ನು ಕೆಂಪು ಪೆನ್ಸಿಲ್‌ನಲ್ಲಿ ತಿದ್ದಿ ವಾಪಸು ಕಳಿಸಿದ್ದೇನೆ. ಹೊಸ ಪುಸ್ತಕ ಕೊಂಡು ಪ್ರತಿದಿನ ಬರೆ. ಒಳ್ಳೆಯ ಪುಸ್ತಕ ಕೊಳ್ಳು, ಅಂಚು ಅಗಲವಿರುವುದು. ಅವರು ಹರಿತ ನೋಡುವುದಕ್ಕೆ ನನ್ನ ಲೆಕ್ಕದ ಪುಸ್ತಕದ ಬಲ ಅಂಚಿನಿಂದಲೇ ಒಂದೊಂದು ಎಳೆ ಕತ್ತರಿಸುತ್ತಿದ್ದದ್ದು ನಿನಗೂ ಗೊತ್ತು. ಈ ಮನೆಯ ಪುಸ್ತಕಗಳೆಲ್ಲ ಅರ್ಧ ಬೆರಳು ಕಿರಿದಾಗಿವೆ.

ಕರೆಯುವ ಬಗ್ಗೆ ಕೇಳಿದ್ದೀಯ. ತಿದ್ದುವಂಥದ್ದೇನೂ ಕಾಣಲಿಲ್ಲ.

ಇಂತಿ,
ಲೆಕ್ಕದವಳು

ಮಾರ್ಚ್ 8

ಅತ್ತೆ,

ಎಣಿಸಿದೆ. ಎರಡು ಭಾನುವಾರ, ನಾಲ್ಕು ಸಂಜೆ. ಮೂವತ್ತೆಂಟು ಕ್ಷೌರದ ಅಂಗಡಿ, ಎಪ್ಪತ್ತೊಂದು ದರ್ಜಿಗಳು, ಬಟ್ಟೆ ಅಂಗಡಿಗಳು, ಹೂವಿನವರು, ಒಬ್ಬ ಬೈಂಡರ್. ಒಟ್ಟು ಒಂಬೈನೂರ ಮೂರು ಕತ್ತರಿ. ಒಂದು ಮೂಲೆಯಲ್ಲಿ ಯಾರೂ ಮುಟ್ಟದ ಎರಡಿದ್ದವು, ಅವನ್ನು ಬಿಟ್ಟಿದ್ದೇನೆ.

ಕತ್ತರಿ ಎಣಿಸುವ ಹೆಂಗಸನ್ನು ಜನ ಹೇಗೆ ನೋಡುತ್ತಾರೆಂದು ನೀವು ಊಹಿಸಬಹುದು. ಓಣಿಯ ಬಾಯಲ್ಲೇ ಇರುವ ಕ್ಷೌರದವನು, ಎಲ್ಲರೂ ಅವನನ್ನು ದೊಡ್ಡಣ್ಣ ಎನ್ನುತ್ತಾರೆ, ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚಿ ಹಾಗೇ ಬಿಟ್ಟು ನನ್ನ ಕಡೆ ತಿರುಗಿದ.

"ಯಾವ ಇಲಾಖೆ ತಾಯಿ? ಕತ್ತರಿಗೂ ತೆರಿಗೆ ಬಂತಾ?"

"ಸಾಣೆ ಅಂಗಡಿ ಇಡ್ತಿದೀನಿ ಅಣ್ಣ. ಎಷ್ಟು ದಿನಕ್ಕೊಂದ್ಸಲ ಕೊಡ್ತೀರ?"

"ಎರಡು ತಿಂಗಳಿಗೆ. ಸೈಕಲ್ಲಲ್ಲಿ ಒಬ್ಬ ಬರ್ತಾನೆ. ಅವನು ಮಾಡಿಕೊಟ್ಟ ವಾರ ಕತ್ತರಿ ಕುದುರೆ, ಆಮೇಲೆ ಕತ್ತೆ."

ನೊರೆ ಹಚ್ಚಿಸಿಕೊಂಡವನು ಹೇಳಿದ, "ಅಣ್ಣ, ನನ್ನ ಪಾಲಿಗೆ ಯಾವತ್ತೂ ಕತ್ತೆನೇ ಬರೋದು."

ದರ್ಜಿಗಳೂ ಹೆಚ್ಚು ಕಡಿಮೆ ಎರಡು ತಿಂಗಳೆಂದೇ ಹೇಳಿದರು. ಒಬ್ಬ ಮುದುಕ ಮಾತ್ರ ಕತ್ತರಿಯನ್ನು ಮುಟ್ಟಲು ಬಿಡಲಿಲ್ಲ. "ನನ್ನ ಮಗಳಿಗೇ ಕೊಡೋದಿಲ್ಲ ಇದನ್ನ" ಎಂದ. ಮಗಳು ಪಕ್ಕದ ಹೊಲಿಗೆ ಯಂತ್ರದಿಂದ, "ನಾನು ಕೇಳೂ ಇಲ್ಲ" ಎಂದಳು.

ನಿಮ್ಮ ಇನ್ನೂರ ಐವತ್ತನ್ನು ಕನ್ನಡಿಯ ಮೂಲೆಯಲ್ಲಿ ಬರೆದು ಅಂಟಿಸಿದ್ದೇನೆ. ನರ್ಸಮ್ಮನಿಗೆ ಏನು ಹೇಳಲಿ?

ಇಂತಿ,
ಎಣಿಸಿ ಕಾಲು ನೋಯಿಸಿಕೊಂಡವಳು

ಮಾರ್ಚ್ 12

ಮೂರರಲ್ಲಿ ಎರಡು ನಿನಗೆ ಬರುತ್ತವೆಂದು ಹಿಡಿ. ಆರುನೂರು. ಎರಡು ತಿಂಗಳಿಗೊಮ್ಮೆಯೆಂದರೆ ತಿಂಗಳಿಗೆ ಮುನ್ನೂರು. ದಡದಿಂದ ಐವತ್ತು ಕತ್ತರಿಯಷ್ಟು ಒಳಗೆ ನೆಲದ ಮೇಲೆ ನಿಂತಿರುತ್ತೀಯ.

ಹೌದು ಎಂದು ಹೇಳು.

ಲೆ.

ಮೇ 2

ಅತ್ತೆ,

ಇನ್ನೂರ ಅರವತ್ತೆರಡು!

ಏಪ್ರಿಲ್ ಇಪ್ಪತ್ತೊಂಬತ್ತರ ಮಧ್ಯಾಹ್ನ ಇನ್ನೂರ ಐವತ್ತನೆಯದು ಬಂತು. ಹೂವಿನವಳ ಕತ್ತರಿ, ಹಿಡಿಗೆ ಹಸಿರು ದಾರ ಸುತ್ತಿದ್ದು. ಅವಳಿಗೆ ಗೊತ್ತಾಗದ ಹಾಗೆ ನಾನು ಅದನ್ನು ಉಳಿದವುಗಳಿಗಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡಿದ್ದೆ. ಆಮೇಲೆ ಬಂದ ಹನ್ನೆರಡು ಕತ್ತರಿಗಳ ಹಣವನ್ನು ಬೇರೆ ಡಬ್ಬಿಯಲ್ಲಿ ಹಾಕಿದೆ. ಡಬ್ಬಿಯನ್ನು ಅಲ್ಲಾಡಿಸಿದರೆ ಸದ್ದು ಬರುತ್ತದೆ.

ಕೆಲಸ ಮಾವ ಕಲಿಸಿದ ಹಾಗೇ ಮಾಡುತ್ತಿದ್ದೇನೆ. ಒರಟು ಕಲ್ಲು, ನುಣುಪು ಕಲ್ಲು, ಕೊನೆಗೆ ಚರ್ಮದ ಪಟ್ಟಿಯ ಮೇಲೆ ಅಲಗಿಗೆ ಅರವತ್ತು ಎಳೆತ. ಬೀಗದ ಕೈಯವನು ಇಣುಕಿ ನೋಡಿ, "ಸೈಕಲ್‌ನವನು ಎರಡು ಕಲ್ಲಿಗೇ ಮುಗಿಸ್ತಾನಮ್ಮ, ನೀನ್ಯಾಕೆ ಮಗೂಗೆ ತಲೆ ಬಾಚಿದ ಹಾಗೆ ಬಾಚ್ತಾ ಕೂತಿದೀಯ?" ಎಂದ. ಬಾಚದಿದ್ದರೆ ಅಂಚಿನಲ್ಲಿ ಕಣ್ಣಿಗೆ ಕಾಣದ ಮುಳ್ಳು ಉಳಿಯುತ್ತದೆ, ಆ ಮುಳ್ಳೇ ಮೊದಲು ಬಾಗುವುದು ಎಂದು ಹೇಳಿದೆ. ಮಾತು ಮಾವನದು, ಬಾಯಿ ಮಾತ್ರ ನನ್ನದು.

ದೊಡ್ಡಣ್ಣನ ಕತ್ತರಿಗಳು ಮೊದಲ ವಾರವೇ ಬಂದಿದ್ದವು. ಈಗ ದಾರಿಯಲ್ಲಿ ಕಂಡಾಗ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ ನಗುತ್ತಾನೆ.

ನಿಮ್ಮ ಆರೋಗ್ಯ ಹೇಗಿದೆ? ಬರೆಯುವುದೇ ಇಲ್ಲ ನೀವು.

ಇಂತಿ,
ದಡದ ಮೇಲಿನಿಂದ,
ನಿಮ್ಮ ಹಿಂದಿನ ಸೊಸೆ

ಮೇ 13

ಸಂತೋಷ. ಮೊದಲ ತಿಂಗಳ ಸಂಖ್ಯೆಯನ್ನು ಪುಸ್ತಕದಲ್ಲಿ ಪೆನ್ಸಿಲ್‌ನಲ್ಲೇ ಬರೆದಿಡು.

ಒಂದು ಮಾತು. ಮೊದಲ ವಾರ ಬಂದವರು ಮುಂದಿನ ತಿಂಗಳು ಮತ್ತೆ ಬರಬೇಕು. ಯಾರು ಬಂದರು, ಯಾರು ಬರಲಿಲ್ಲ ಎಂದು ಬೇರೆ ಸಾಲಿನಲ್ಲಿ ಗುರುತು ಮಾಡಿಕೋ. ಕಾರಣ ಆಮೇಲೆ ಬರೆಯುತ್ತೇನೆ. ಬರೆಯುವ ಪ್ರಸಂಗ ಬರದಿದ್ದರೆ ಇನ್ನೂ ಒಳ್ಳೆಯದು.

ನನ್ನ ಆರೋಗ್ಯಕ್ಕೆ ಏನೂ ಆಗಿಲ್ಲ. ಮೆಟ್ಟಿಲು ಹತ್ತುವಾಗ ಮಂಡಿ ತನ್ನ ಲೆಕ್ಕ ಹೇಳುತ್ತದೆ, ಅಷ್ಟೇ. ಮಗ ಕಳೆದ ವಾರ ಬಂದಿದ್ದ, ಎರಡು ದಿನ ಇದ್ದ. ನಿನ್ನ ಪತ್ರಗಳು ಕಪಾಟಿನಲ್ಲಿದ್ದವು. ಕಪಾಟು ತೆರೆಯಬೇಕಾದ ಕೆಲಸ ಬರಲಿಲ್ಲ.

ಇಂತಿ,
ಲೆಕ್ಕದವಳು

ಜೂನ್ 25

ಆರು ವಾರದಿಂದ ಪತ್ರವಿಲ್ಲ. ಮೇ ತಿಂಗಳ ಸಂಖ್ಯೆ ಕಳಿಸು. ಕೆಟ್ಟ ಸಂಖ್ಯೆಗಳನ್ನೂ ಅಂಚೆಯವರು ಅದೇ ದರಕ್ಕೆ ತಂದುಕೊಡುತ್ತಾರೆ.

ಲೆ.

ಜುಲೈ 31

ಅತ್ತೆ,

ಮೇ, ನೂರ ಎಂಬತ್ತೇಳು. ಜೂನ್, ತೊಂಬತ್ತಾರು. ಜುಲೈ, ಇಪ್ಪತ್ತೊಂದು.

ಬರೆಯದೆ ಇದ್ದದ್ದಕ್ಕೆ ಬೇರೆ ಕಾರಣವಿಲ್ಲ. ಜೂನ್ ಸರಿಹೋಗಬಹುದು, ಆಮೇಲೆ ಎರಡನ್ನೂ ಸೇರಿಸಿ ಬರೆಯೋಣ ಎಂದುಕೊಂಡೆ.

ನೀವು ಹೇಳಿದ ಬೇರೆ ಸಾಲು ಪುಸ್ತಕದಲ್ಲಿದೆ, ಖಾಲಿಯಾಗಿ. ನಾಲ್ಕು ತಿಂಗಳಲ್ಲಿ ಐನೂರ ಅರವತ್ತಾರು ಕತ್ತರಿ ಬಂದಿವೆ. ಒಂದೂ ಎರಡನೆಯ ಸಲ ಬಂದಿಲ್ಲ. ಗಿರಾಕಿಗಳಿಗೆ ಸಿಟ್ಟು ಬಂದಿದೆಯೇನೋ ಎಂದು ದೊಡ್ಡಣ್ಣನ ಹತ್ತಿರ ಹೋದೆ.

"ಸಿಟ್ಟಾ? ಯಾಕಮ್ಮ?"

"ಎರಡು ತಿಂಗಳಿಗೊಂದ್ಸಲ ಅಂದಿದ್ರಿ. ನಾಲ್ಕಾಯ್ತು."

ಅವನು ಕತ್ತರಿ ತೆಗೆದು ತನ್ನ ಮುಂಗೈ ಕೂದಲಿನ ಮೇಲೆ ಆಡಿಸಿ ತೋರಿಸಿದ. "ಇನ್ನೂ ಬೆಣ್ಣೇಲಿ ಹೋದ ಹಾಗೆ ಹೋಗ್ತಿದೆ. ಹೀಗೆ ಮಾಡಿಕೊಟ್ಟು ನೀನೇ ಮತ್ತೆ ಬಾ ಅಂದ್ರೆ ಹೇಗೆ?" ಅವನು ಹೊಗಳುತ್ತಿದ್ದ. ಪೂರ್ತಿ ಮನಸ್ಸಿನಿಂದ ಹೊಗಳುತ್ತಿದ್ದ.

ಹತ್ತು ಬೀದಿಯ ಕತ್ತರಿಗಳೆಲ್ಲ ಹರಿತವಾಗಿವೆ. ನಾನು ಬಾಗಿಲು ತೆರೆದು ಕೂತಿದ್ದೇನೆ. ನನ್ನ ಲೆಕ್ಕದಲ್ಲಿ ಅಲಗು ಆರು ತಿಂಗಳು ತಡೆಯುತ್ತದೆ. ಆರುನೂರು ಕತ್ತರಿ ಆರು ತಿಂಗಳಿಗೊಮ್ಮೆಯೆಂದರೆ ತಿಂಗಳಿಗೆ ಎಷ್ಟೆಂದು ನಿಮಗೆ ಹೇಳಬೇಕಾಗಿಲ್ಲ. ಮಾವನ ನೂರೇ ಬಂತು. ಅದನ್ನು ನೋಡಿ ಪೆನ್ಸಿಲ್ ಕೆಳಗಿಟ್ಟೆ. ಅವರು ನೂರಕ್ಕೆ ದಡ ಮುಟ್ಟುತ್ತಿದ್ದರು, ನಾನು ಯಾಕೆ ಮುಳುಗುತ್ತಿದ್ದೇನೆ?

ಬೀಗದ ಕೈಯವನು ಸರಳವಾದ ದಾರಿ ತೋರಿಸಿದ್ದಾನೆ. ಬಾಚುವುದನ್ನು ಬಿಡು. ಎರಡು ಕಲ್ಲು, ಕೊಡು, ಕಳಿಸು. ಎರಡು ತಿಂಗಳಿಗೆ ಸರಿಯಾಗಿ ಬರುತ್ತವೆ. ಯಾರಿಗೂ ಗೊತ್ತಾಗುವುದಿಲ್ಲ, ಯಾರಿಗೂ ಮೋಸವೂ ಅಲ್ಲ, ಸೈಕಲ್‌ನವನಷ್ಟೇ ಕೆಲಸ, ಅಷ್ಟೇ ಹಣ. ನಿನ್ನೆ ಪಟ್ಟಿಯನ್ನು ಮೊಳೆಯಿಂದ ತೆಗೆದು ಸುರುಳಿ ಸುತ್ತಿ ಮೇಜಿನ ಖಾನೆಯಲ್ಲಿಟ್ಟೆ. ಇವತ್ತು ಒಂದು ಕತ್ತರಿ ಬಂತು. ಖಾನೆ ತೆರೆಯಬೇಕೋ ಬೇಡವೋ ಎಂದು ಅದನ್ನು ನಾಳೆಗೆ ಇಟ್ಟಿದ್ದೇನೆ.

ಇನ್ನು ಎರಡು ತಿಂಗಳಿದೆ. ಹೇಳಿ.

ಇಂತಿ,
ಸೊಸೆ

ಆಗಸ್ಟ್ 6

ಪತ್ರ ಓದಿದ ದಿನವೇ ಬರೆಯುತ್ತಿದ್ದೇನೆ.

ಅವರು ನೂರಕ್ಕೆ ದಡ ಮುಟ್ಟುತ್ತಿರಲಿಲ್ಲ.

ಅಂಗಡಿಯ ಬಾಡಿಗೆ ಅವರಿಗೆ ಗೊತ್ತಿದ್ದದ್ದರ ಎರಡರಷ್ಟಿತ್ತು. ಅಂಗಡಿ ಇಟ್ಟ ಐದನೆಯ ವರ್ಷ ಮಾಲೀಕ ಬಾಡಿಗೆ ಏರಿಸಲು ಮನೆಗೆ ಬಂದಾಗ ಅವರು ಇರಲಿಲ್ಲ. ಅದಕ್ಕೆ ಮುಂಚೆಯೇ ನಾನು ನೀನೀಗ ಹಾಕಿದ ಲೆಕ್ಕವನ್ನು ಹಾಕಿ ನೋಡಿದ್ದೆ, ಕತ್ತರಿ ಆರು ತಿಂಗಳು ತಡೆಯುತ್ತದೆ, ನೂರಕ್ಕಿಂತ ಹೆಚ್ಚು ಬರುವುದಿಲ್ಲ ಎಂದು ಗೊತ್ತಿತ್ತು. ಮಾಲೀಕನಿಗೆ ಹೇಳಿದೆ, ಅವರ ಹತ್ತಿರ ಹಳೆಯ ಬಾಡಿಗೆ ತೆಗೆದುಕೊಳ್ಳಿ, ಉಳಿದದ್ದನ್ನು ಸಂಬಳದ ದಿನ ನಾನು ನಿಮ್ಮ ಹೆಂಡತಿಯ ಕೈಗೆ ಕೊಡುತ್ತೇನೆ. ಇಪ್ಪತ್ತಾರು ವರ್ಷ ಕೊಟ್ಟೆ. ಮನೆಯ ಖರ್ಚೂ ನನ್ನ ಸಂಬಳದಿಂದಲೇ, ಅದರಿಂದ ಅವರ ಸಂಬಳದ ಪ್ರಶ್ನೆ ಏಳಲೇ ಇಲ್ಲ. ಹೀಗೆ ನಾನು ದಡವನ್ನೇ ಅವರ ಹತ್ತಿರಕ್ಕೆ ಎಳೆದು ತಂದು ನಿಲ್ಲಿಸಿದೆ. ನೂರು ಕತ್ತರಿ ಬಂದ ದಿನ ಅವರು, "ಮುಟ್ಟಿದ್ವಿ ಕಣೇ" ಎನ್ನುತ್ತ ನನಗೊಂದು ಕೆಂಪು ಪೆನ್ಸಿಲ್ ತರುತ್ತಿದ್ದರು, ಚಾಕುವಿನಿಂದ ತಾವೇ ಚೂಪು ಮಾಡಿ. ಒಂದು ಡಬ್ಬಿ ತುಂಬ ಇವೆ. ನಿನ್ನ ಲೆಕ್ಕ ತಿದ್ದಿದ್ದು ಅದರಲ್ಲೊಂದರಿಂದ.

ಇದನ್ನು ಫೆಬ್ರವರಿಯಲ್ಲೇ ನಿನಗೆ ಹೇಳಬೇಕಿತ್ತು. ಬೀದಿಯವರು ಎರಡು ತಿಂಗಳು ಎಂದಾಗ ಅದನ್ನೇ ಹಿಡಿದೆ. ನಿನ್ನ ಕೈಯಲ್ಲಿ ಆ ಪಟ್ಟಿ ಇರುವುದು ತಿಳಿದಿದ್ದೂ ಹಿಡಿದೆ. ಮೂವತ್ತು ವರ್ಷ ಲೆಕ್ಕ ಬರೆದವಳು ಮಾಡಬಾರದ ತಪ್ಪು. ಅವರ ಕೆಲಸ ಅಷ್ಟು ಒಳ್ಳೆಯದಿದ್ದದ್ದರಿಂದ ಅಂಗಡಿ ನಡೆಯಲಿಲ್ಲ ಎಂದು ಕಾಗದದ ಮೇಲೆ ಬರೆಯುವುದು ನನಗೆ ಬೇಕಿರಲಿಲ್ಲ.

ಪಟ್ಟಿಯ ವಿಷಯ. ನಾನೂ ಒಮ್ಮೆ ಅದನ್ನು ಬಚ್ಚಿಟ್ಟಿದ್ದೆ. ಇದೇ ಯೋಚನೆಯಿಂದ, ನೀನು ಹುಟ್ಟುವುದಕ್ಕೂ ಮುಂಚೆ. ಎರಡು ಕಲ್ಲಿಗೆ ಮುಗಿಸುತ್ತಾರೆ ಎಂದುಕೊಂಡೆ. ಅವರು ಒಂದು ವಾರ ತಮ್ಮ ಸೊಂಟದ ಬೆಲ್ಟು ಬಿಚ್ಚಿ ಅದರ ಮೇಲೆ ಎಳೆದರು. ಎಂಟನೆಯ ದಿನ ಪ್ಯಾಂಟು ಹಿಡಿದುಕೊಂಡು ಮನೆಗೆ ಬಂದವರನ್ನು ನೋಡಲಾರದೆ ಪಟ್ಟಿ ಕೊಟ್ಟೆ. ಆದ್ದರಿಂದ ಖಾನೆ ತೆರೆ. ನಿನಗೂ ಸಾಧ್ಯವಾಗುವುದಿಲ್ಲ, ಸುಮ್ಮನೆ ಬೆಲ್ಟು ಹಾಳು.

ಈಗ ಲೆಕ್ಕ. ನಮ್ಮ ಗಿರಣಿಯಲ್ಲಿ ಬಾಯ್ಲರ್ ಮೇಸ್ತ್ರಿ ಒಬ್ಬನಿದ್ದ. ಸದಾ ಬೆಂಚಿನ ಮೇಲೆ ಮಲಗಿರುತ್ತಿದ್ದ. ಹೊಸ ಮ್ಯಾನೇಜರು ಬಂದು, "ಇವನಿಗ್ಯಾಕೆ ಸಂಬಳ?" ಎಂದ. ನಾನೇ ಉತ್ತರ ಬರೆದುಕೊಟ್ಟೆ: ಇವನು ಎದ್ದು ಓಡಾಡುವ ದಿನ ಗಿರಣಿ ನಿಂತಿರುತ್ತದೆ. ನಾವು ಇವನು ಮಲಗುವುದಕ್ಕೆ ಸಂಬಳ ಕೊಡುತ್ತಿದ್ದೇವೆ.

ಮೂವತ್ತು ವರ್ಷ ಆ ಮೇಸ್ತ್ರಿಯ ಸಂಬಳದ ಚೀಟಿಗೆ ನಾನು ಸಹಿ ಹಾಕಿದೆ. ನಮ್ಮ ಮನೆಯ ಅಂಗಡಿಗೂ ಅದೇ ಲೆಕ್ಕ ಹಿಡಿಯಬಹುದೆಂದು ಒಂದು ದಿನವೂ ಹೊಳೆಯಲಿಲ್ಲ. ನಿನ್ನ ಪತ್ರ ಓದಿ ಮುಗಿಸಿದಾಗ ಹೊಳೆಯಿತು.

ನೀನು ಸಾಣೆ ಹಿಡಿಯುವುದಕ್ಕೆ ಹಣ ಕೇಳಬೇಡ. ಕತ್ತರಿ ಹರಿತವಾಗಿರುವುದಕ್ಕೆ ಕೇಳು. ಕತ್ತರಿಯೊಂದಕ್ಕೆ ತಿಂಗಳಿಗೆ ಇಷ್ಟು. ಮೊಂಡಾದ ದಿನ ನೀನೇ ಹೋಗಿ ತಂದು ಮಾಡಿಕೊಡು, ಬೇರೆ ಹಣ ಬೇಡ. ಇಲ್ಲಿಯವರೆಗೆ ಬೀದಿಯವರು ಸೈಕಲ್‌ನವನಿಗೆ ಎರಡು ತಿಂಗಳಿಗೆ ಎಂಬತ್ತು ಕೊಡುತ್ತಿದ್ದರು, ಅಂದರೆ ತಿಂಗಳಿಗೆ ನಲವತ್ತು. ನೀನು ಐವತ್ತು ಕೇಳು. ಹೆಚ್ಚಿನ ಹತ್ತು, ಕತ್ತರಿಯ ಚಿಂತೆ ಮರೆಯುವುದಕ್ಕೆ. ನಿನ್ನ ಖರ್ಚು ಆರು ತಿಂಗಳಿಗೆ ಎಂಟು. ತಿಂಗಳಿಗೆ ಎರಡೆಂದೇ ಧಾರಾಳವಾಗಿ ಹಿಡಿ. ಉಳಿಯುವುದು ನಲವತ್ತೆಂಟು. ಹದಿನೆಂಟು ಸಾವಿರವನ್ನು ಭಾಗಿಸು: ಮುನ್ನೂರ ಎಪ್ಪತ್ತೈದು ಕತ್ತರಿ. ನೀನು ಆಗಲೇ ಐನೂರ ಅರವತ್ತಾರನ್ನು ಹರಿತ ಮಾಡಿಟ್ಟಿದ್ದೀಯ. ಅವುಗಳಲ್ಲಿ ಮೂರರಲ್ಲಿ ಎರಡು ಒಪ್ಪಿದರೆ ಸಾಕು. ಇನ್ನು ಮುಂದೆ ಅಲಗು ಎಷ್ಟು ದಿನ ತಡೆಯುತ್ತದೋ ಅಷ್ಟು ನಿನಗೆ ಲಾಭ.

ಎಂಥ ಸೀದಾ ಲೆಕ್ಕ. ಅವರಿದ್ದಾಗ ಹಾಕಬೇಕಿತ್ತು.

ಇಂತಿ,
ನಿನ್ನ ಅತ್ತೆ

ಆಗಸ್ಟ್ 27

ಅತ್ತೆ,

ನಿಮ್ಮ ಪತ್ರ ತಲುಪಿದ ಮಧ್ಯಾಹ್ನವೇ ಖಾನೆ ತೆರೆದೆ. ನಾಳೆ ನಾಳೆ ಎಂದು ಇಟ್ಟುಕೊಂಡಿದ್ದ ಆ ಕತ್ತರಿಗೆ ಅರವತ್ತರ ಬದಲು ಎಂಬತ್ತು ಎಳೆತ ಕೊಟ್ಟೆ.

ಬಾಡಿಗೆಯ ವಿಷಯದಲ್ಲಿ ನನಗೆ ಒಂದು ನೆನಪಿದೆ. ಬರೆಯಬೇಕೋ ಬೇಡವೋ ಎಂದು ಎರಡು ವಾರ ತಡೆದೆ. ಮಾವನ ಪಕ್ಕದ ಅಂಗಡಿಯ ಗಡಿಯಾರದವನು ಆಗಾಗ ಬಂದು, ಬಾಡಿಗೆ ಇಷ್ಟಾಯಿತು, ಅಷ್ಟಾಯಿತು ಎಂದು ಗೊಣಗುತ್ತಿದ್ದ. ಎರಡೂ ಮಳಿಗೆ ಒಂದೇ ಅಳತೆ, ಒಬ್ಬನೇ ಮಾಲೀಕ. ಅವನು ಸಂಖ್ಯೆ ಹೇಳುವ ಹೊತ್ತಿಗೆ ಸರಿಯಾಗಿ ಮಾವ ಯಾವುದಾದರೂ ಚಾಕು ತೆಗೆದು ಒರಟು ಕಲ್ಲಿಗೆ ಹಿಡಿಯುತ್ತಿದ್ದರು, ಏನೂ ಕೇಳಿಸದಷ್ಟು ಜೋರಾಗಿ. ಎಷ್ಟೋ ಸಲ ಆ ಚಾಕುವಿಗೆ ಸಾಣೆಯೇ ಬೇಕಿರಲಿಲ್ಲ. ಆಗ ನನಗೆ ವಿಚಿತ್ರವೆನಿಸಿತ್ತು, ಕೇಳಲಿಲ್ಲ.

ಇಲ್ಲಿಯ ಸಂಗತಿ ಹೇಳುತ್ತೇನೆ. ಮೊದಲು ದೊಡ್ಡಣ್ಣನ ಹತ್ತಿರ ಹೋದೆ. ಅವನಲ್ಲಿ ಒಂಬತ್ತು ಕತ್ತರಿ.

"ಈಗ ಹರಿತವಾಗೇ ಇದೆಯಲ್ಲಮ್ಮ. ಯಾಕೆ ದುಡ್ಡು ಕೊಡ್ಲಿ?"

"ಹರಿತವಾಗಿರೋದಕ್ಕೇ ಕೊಡಿ. ಮೊಂಡಾಯ್ತು ಅಂತ ನಿಮಗನಿಸಿದ ತಿಂಗಳು ಕೊಡಬೇಡಿ."

"ಅಂದ್ರೆ ನೀನು ಕೆಲಸ ಮಾಡದೆ ಇದ್ರೆ ದುಡ್ಡು, ಮಾಡಿದ್ರೆ ಇಲ್ಲ?"

"ಹೌದು."

ಅವನು ಕುರ್ಚಿಯಲ್ಲಿ ಕೂತಿದ್ದ ಗಿರಾಕಿಯನ್ನು ಕನ್ನಡಿಯಲ್ಲೇ ನೋಡಿ, "ಕೇಳಿದ್ರಾ ಮೇಷ್ಟ್ರೇ, ಇಂಥ ಕೆಲಸ ನಮಗ್ಯಾರೂ ಕೊಡ್ಲಿಲ್ಲ" ಎಂದ. ಸ್ವಲ್ಪ ಹೊತ್ತು ಕತ್ತರಿ ಆಡಿಸಿದ. ಆಮೇಲೆ, "ಸೈಕಲ್‌ನವನು ಬರೋ ದಿನ ಅರ್ಧ ದಿನ ಕತ್ತರಿ ಇಲ್ದೆ ಕೂರ್ತೀನಿ. ಅದಿರಲ್ಲ ತಾನೆ?"

"ತಗೊಂಡು ಹೋಗುವಾಗ ಇನ್ನೊಂದು ಕೊಟ್ಟು ಹೋಗ್ತೀನಿ."

"ಬರ್ಕೋ ಒಂಬತ್ತು."

ಕ್ಷೌರದವರು ಒಬ್ಬರನ್ನೊಬ್ಬರು ನೋಡಿ ಬರುತ್ತಿದ್ದಾರೆ. ದರ್ಜಿಗಳು ನಿಧಾನ, ಅಳೆಯುವುದು ಅವರ ಅಭ್ಯಾಸ. ಇವತ್ತಿಗೆ ನೂರ ನಲವತ್ತಾರು. ಈಗ ಕೈಗೆ ಕೆಲಸ ಕಡಿಮೆ, ಕಾಲಿಗೆ ಜಾಸ್ತಿ. ಹೊಳೆಯಾಚೆಯ ಎರಡು ಬೀದಿಗಳನ್ನೂ ಎಣಿಸಿ ಬಂದಿದ್ದೇನೆ.

ಇಂತಿ,
ನಿಮ್ಮ ಸೊಸೆ

ಸೆಪ್ಟೆಂಬರ್ 5

ಗಡಿಯಾರದವನ ಸಾಲನ್ನು ಮೂರು ಸಲ ಓದಿದೆ. ಆಮೇಲೆ ಪೆನ್ಸಿಲ್‌ಗಳ ಡಬ್ಬಿಯನ್ನು ಕೆಳಗಿಳಿಸಿ ಎಣಿಸಿದೆ. ಇಪ್ಪತ್ತಾರು ವರ್ಷವೆಂದರೆ ಮುನ್ನೂರ ಹನ್ನೆರಡು ತಿಂಗಳು, ಅಷ್ಟು ಪೆನ್ಸಿಲ್ ಆಗಬೇಕು. ನಾನು ಬಳಸಿ ಮುಗಿಸಿದವನ್ನು ಸೇರಿಸಿದರೆ ಸರಿಯಾಗಿ ಹೊಂದುತ್ತದೆ. ಒಂದು ತಿಂಗಳೂ ತಪ್ಪಿಲ್ಲ. ನೂರು ಬಾರದ ತಿಂಗಳು ಒಂದಾದರೂ ಇದ್ದಿರಬೇಕಲ್ಲ.

ಇದಕ್ಕೆ ಉತ್ತರ ಬೇಡ.

ಕತ್ತರಿಗಳಿಗೆ ಕ್ರಮಸಂಖ್ಯೆ ಕೊಡು. ಪ್ರತಿಯೊಂದಕ್ಕೂ ಒಂದು ಸಾಲು.

ಅತ್ತೆ

ಸೆಪ್ಟೆಂಬರ್ 30

ಅತ್ತೆ,

ಮುನ್ನೂರ ಎಂಬತ್ತೊಂದು. ಅಕ್ಟೋಬರ್ ತಿಂಗಳ ಹಣ ಎಲ್ಲರಿಂದಲೂ ಮುಂಗಡವಾಗಿ ಬಂದಿದೆ. ಮುನ್ನೂರ ಎಪ್ಪತ್ತೈದನೆಯದು, ನೀವು ನಂಬುವುದಿಲ್ಲ, ಆ ಮುದುಕ ದರ್ಜಿಯ ಕತ್ತರಿ. ತಂದುಕೊಟ್ಟದ್ದು ಮಗಳು. "ಅಪ್ಪ ಊಟಕ್ಕೆ ಹೋಗಿದಾರೆ, ಬರೋದ್ರೊಳಗೆ ಮುಗಿಸಿ" ಎಂದಳು. ಮುದುಕ ಬಂದು ಬಟ್ಟೆಗೆ ಕತ್ತರಿ ಹಾಕಿ, ಅರ್ಧಕ್ಕೆ ನಿಲ್ಲಿಸಿ, ಅಲಗು ನೋಡಿ, ಮಗಳನ್ನು ನೋಡಿ, ಮುಂದುವರಿಸಿದನಂತೆ. ಸಂಜೆ ಅವನೇ ಬಂದು ಐವತ್ತು ಕೊಟ್ಟುಹೋದ.

ಬೆಳಿಗ್ಗೆ ಕಾರ್ಖಾನೆಗೆ ಹೋಗಿ ರಾಜೀನಾಮೆ ಕೊಟ್ಟೆ. ಸೂಪರ್‌ವೈಸರ್, "ಎಷ್ಟು ಉಳಿಯುತ್ತಮ್ಮ ನಿಂಗೆ?" ಎಂದು ಕೇಳಿದ. "ನನ್ನ ಸಂಬಳ ತೆಗೆದು ಇನ್ನೂರ ಎಂಬತ್ತೆಂಟು" ಎಂದೆ. ಅವನು ನಕ್ಕ. ನಾನು ನಗಲಿಲ್ಲ. ಬರುವಾಗ ಬ್ಲೇಡಿನ ಕಸದ ಡಬ್ಬಿಯ ಹತ್ತಿರ ನಿಂತು, "ಇವನ್ನ ಎಸೆಯೋ ಬದಲು ತಿಂಗಳಿಗಿಷ್ಟು ಅಂತ ನಂಗೆ ಕೊಟ್ರೆ ಹೇಗೆ?" ಎಂದು ಕೇಳಿದೆ. ನಗು ನಿಲ್ಲಿಸಿ ಕಾಗದ ಪೆನ್ನು ತೆಗೆದುಕೊಂಡ.

ಇಂತಿ,
ನಿಮ್ಮ ಸೊಸೆ

ಅಕ್ಟೋಬರ್ 9

ಇನ್ನೂರ ಎಂಬತ್ತೆಂಟು ಸರಿಯಿದೆ. ನಾನೂ ಹಾಕಿ ನೋಡಿದೆ.

ಈ ಪೊಟ್ಟಣದಲ್ಲಿ ನಮ್ಮ ಅಡುಗೆಮನೆಯ ಚಾಕು ಇದೆ. ಅವರು ಹೋಗುವ ಹಿಂದಿನ ವಾರ ಕೊನೆಯದಾಗಿ ಸಾಣೆ ಹಿಡಿದದ್ದು. ನಾಲ್ಕು ವರ್ಷದಿಂದ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು, ಪ್ಲಾಸ್ಟಿಕ್ ಹಿಡಿಯದೊಂದನ್ನು ಕೊಂಡುತಂದು ಟೊಮೇಟೊ ಜಜ್ಜುತ್ತಿದ್ದೇನೆ. ಬಳಸಿದರೆ ಮುಗಿದುಹೋಗುತ್ತದಲ್ಲ ಎಂದು. ಮೊನ್ನೆ ಬಿಚ್ಚಿ ನೋಡಿದರೆ ಬಳಸದೆಯೂ ಮುಗಿಯುತ್ತಿದೆ.

ವರ್ಷದ ಹಣ ಆರುನೂರು ಜೊತೆಗಿದೆ. ಎಲ್ಲರಂತೆ ನನಗೂ ಒಂದು ಸಾಲು, ಒಂದು ಕ್ರಮಸಂಖ್ಯೆ. ಹಣ ಬೇಡವೆಂದು ವಾಪಸು ಕಳಿಸಿದರೆ ಈ ಪತ್ರವ್ಯವಹಾರ ಇಲ್ಲಿಗೆ ಮುಗಿಯಿತೆಂದು ತಿಳಿ.

ಇಂತಿ,
ಅತ್ತೆ

ಅಕ್ಟೋಬರ್ 18

ಅತ್ತೆ,

ನಿಮ್ಮ ಕ್ರಮಸಂಖ್ಯೆ ಮುನ್ನೂರ ತೊಂಬತ್ತಾರು. ರಸೀದಿ ಲಗತ್ತಿಸಿದ್ದೇನೆ.

ಚಾಕುವನ್ನು ಭೂತಗನ್ನಡಿಯಲ್ಲಿ ನೋಡಿದೆ. ತುದಿಯಿಂದ ಎರಡು ಬೆರಳಷ್ಟು ತುಕ್ಕು ತಿಂದಿತ್ತು. ಅಲ್ಲಿಂದ ಹಿಡಿಯವರೆಗೆ ಮಾವನ ಕೈ ಹಾಗೇ ಇತ್ತು, ಎಳೆದ ಗೆರೆಗಳೆಲ್ಲ ಒಂದೇ ಕಡೆಗೆ ಬಾಗಿ. ಬಾಗಿಲು ಅರ್ಧ ಎಳೆದು ಚಾಕು ಹಿಡಿದುಕೊಂಡೇ ಕೂತಿದ್ದೆ. ಬೀಗದ ಕೈಯವನು ಹೊರಗಿನಿಂದ, "ಏನಮ್ಮ, ಇವತ್ತೂ ಮಲಗಿ ಸಂಬಳಾನಾ?" ಎಂದ. ಆಮೇಲೆ ಒರಟು ಕಲ್ಲಿಗೆ ಹಿಡಿದೆ. ತುಕ್ಕನ್ನು ಮಾತ್ರ ತೆಗೆದು ಉಳಿದದ್ದನ್ನು ಬಿಡಲು ಬರುವುದಿಲ್ಲ, ಅಲಗು ಒಂದೇ ಗೆರೆಯಲ್ಲಿರಬೇಕು. ಅವರ ಹರಿತ ಹೋಯಿತು. ಈಗ ಇರುವುದು ನನ್ನದು.

ಇದು ಆರು ತಿಂಗಳು ತಡೆಯುತ್ತದೆ, ದಿನಾ ಬಳಸಿದರೆ. ಪ್ಲಾಸ್ಟಿಕ್ ಹಿಡಿಯದನ್ನು ಎಸೆಯಿರಿ. ಏಪ್ರಿಲ್‌ನಲ್ಲಿ ಮೊಂಡಾದಾಗ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ, ಕರಾರಿನಲ್ಲಿ ಹಾಗೇ ಇದೆ.

ಹರಿತ ನೋಡುವುದಕ್ಕೆ ಅಂಚು ಅಗಲವಿರುವ ಲೆಕ್ಕದ ಪುಸ್ತಕ ಈಗ ನನ್ನಲ್ಲೂ ಇದೆ. ಆದರೂ ನಿಮ್ಮ ಚಾಕುವಿಗೆ ಈ ಹಾಳೆಯನ್ನೇ ತೆಗೆದುಕೊಂಡೆ. ಓದಿ ಮುಗಿಸಿದ ಮೇಲೆ ಬಲಗಡೆಯ ಅಂಚಿನ ಮೇಲೆ ಬೆರಳಾಡಿಸಿ ನೋಡಿ.

ಇಂತಿ,
ನಿಮ್ಮ ಸೊಸೆ